ಚಾವಣಿಯಲ್ಲಿ ಸೋಲಾರ್ ಇರುವ ಮನೆಗೆ ಎಂಥ ಗ್ಯಾಸ್ ಗೀಸರ್?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಮನೆ. ಐದು ಜನ ಇದ್ದೇವೆ. ತಾಯಿಗೆ ಎಂಬತ್ತರ ಹತ್ತಿರ. ಕಳೆದ ವರ್ಷ ಚಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಫಲಕ ಹಾಕಿಸಿದೆವು. ಹೊರಗೆ ಹೋದ, ಒಳಗೆ ಬಂದ ಯೂನಿಟ್ ಎರಡನ್ನೂ ಲೆಕ್ಕವಿಡುವ ನೆಟ್ ಮೀಟರ್ ಇದೆ, ಸೋಲಾರ್‌ಗೆ ಬ್ಯಾಟರಿ ಇಲ್ಲ. ದೀಪ, ಫ್ಯಾನುಗಳಿಗೆ ಹಳೆಯ ಯುಪಿಎಸ್ ಇದೆ. ಇಷ್ಟು ವರ್ಷ ಬಚ್ಚಲ ಹಂಡೆಯಲ್ಲಿ ಸೌದೆ, ಅಡಿಕೆ ಸಿಪ್ಪೆ ಹಾಕಿ ನೀರು ಕಾಯಿಸುತ್ತಿದ್ದೆವು. ಈಗ ಬೆಳಗ್ಗೆ ಎದ್ದು ಉರಿ ಹಾಕುವವರಿಲ್ಲ. ಗ್ಯಾಸ್ ಗೀಸರ್ ಕೊಳ್ಳೋಣವೆಂದರೆ ಅಂಗಡಿಯವರು 6, 7, 10 ಲೀಟರ್ ಎಂದು ತೋರಿಸುತ್ತಾರೆ. ಯಾವುದನ್ನು ಕೊಳ್ಳಬೇಕು? ಬಚ್ಚಲುಮನೆಯ ಒಳಗೇ ಕೂರಿಸಬಹುದೇ? ಮುಂದೆ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ಅದರ ನೀರನ್ನು ಈ ಗೀಸರ್‌ಗೇ ಕೊಡಬಹುದೇ? ಫೆಬ್ರವರಿ ಮತ್ತು ಜುಲೈ ತಿಂಗಳ ಕರೆಂಟ್ ಬಿಲ್ಲುಗಳ ಪ್ರತಿ ಕಳಿಸಿದ್ದೇನೆ.

ಉತ್ತರ: ನಿಮ್ಮ ಮನೆಗೆ ಗ್ಯಾಸ್ ಗೀಸರ್ ಬೇಕು. ಆದರೆ ಅದೊಂದನ್ನೇ ನಂಬಿಕೊಳ್ಳಬೇಕಾಗಿಲ್ಲ. ವರ್ಷದಲ್ಲಿ ಎಂಟು ತಿಂಗಳು ಚಾವಣಿಯ ಕರೆಂಟಿನಿಂದಲೇ ಸ್ನಾನದ ನೀರು ಕಾಯಲಿ. ಅದಕ್ಕೆ ಒಂದು ಸಾಧಾರಣ ಎಲೆಕ್ಟ್ರಿಕ್ ಗೀಸರ್ ಸಾಕು. ಮಳೆಗಾಲದ ನಾಲ್ಕು ತಿಂಗಳಿಗೆ ಮತ್ತು ಕರೆಂಟು ಕೈಕೊಟ್ಟ ದಿನಗಳಿಗೆ 6 ಲೀಟರಿನ ಗ್ಯಾಸ್ ಗೀಸರ್ ಇರಲಿ. ಅದನ್ನು ಬಚ್ಚಲುಮನೆಯ ಒಳಗೆ ಎಂದಿಗೂ ಕೂರಿಸಬೇಡಿ. ಈ ಕೊನೆಯ ಮಾತಿನ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಅದೊಂದನ್ನಾದರೂ ಮನೆಯವರೆಲ್ಲ ಓದಿ.

ಮೊದಲು ಖರ್ಚಿನ ಲೆಕ್ಕ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ಕರೆಂಟಿನಲ್ಲಿ ಇರುವುದು 860 ಕಿಲೋಕ್ಯಾಲೊರಿ. ನಿಮ್ಮ ಕಡೆ ಬೆಳಗಿನ ಹೊತ್ತು ಟ್ಯಾಂಕಿನ ನೀರು 22 ಡಿಗ್ರಿ ಇರುತ್ತದೆ, ಸ್ನಾನಕ್ಕೆ ಹದವಾದ ಬಿಸಿ 40 ಡಿಗ್ರಿ ಎಂದಿಟ್ಟುಕೊಂಡರೆ, 20 ಲೀಟರಿನ ಒಂದು ಬಕೆಟ್ ನೀರಿಗೆ 360 ಕಿಲೋಕ್ಯಾಲೊರಿ, ಅಂದರೆ 0.42 ಯೂನಿಟ್ ಸಾಕು. ತಲೆಗೆ ಎರಡು ಬಕೆಟ್‌ನಂತೆ ಐದು ಜನಕ್ಕೆ ಹತ್ತು ಬಕೆಟ್, ದಿನಕ್ಕೆ 4.2 ಯೂನಿಟ್. ಗೀಸರ್ ಟ್ಯಾಂಕಿನಿಂದ ಸೋರಿಹೋಗುವ ಶಾಖವನ್ನೂ ಸೇರಿಸಿ 4.7 ಎನ್ನಿ. ತಿಂಗಳಿಗೆ ಸುಮಾರು 140 ಯೂನಿಟ್ ಆಯಿತು.

ಈಗ ನಿಮ್ಮ ಫೆಬ್ರವರಿ ಬಿಲ್ಲು ನೋಡಿ. ಮನೆಯ ಬಳಕೆಯೆಲ್ಲ ಕಳೆದು 180 ಯೂನಿಟ್ ಮೆಸ್ಕಾಂಗೆ ಹೋಗಿದೆ, ಅದರ ಹಣ ಆ ತಿಂಗಳಿಗೇ ಜಮೆಯಾಗಿದೆ. ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ಈಗ ಸಾಮಾನ್ಯವಾಗಿ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ನಿಮ್ಮ ಒಪ್ಪಂದದ ದರವನ್ನು ಕಾಗದದಲ್ಲಿ ನೋಡಿಕೊಳ್ಳಿ. ಲೆಕ್ಕಕ್ಕಾಗಿ 3 ರೂಪಾಯಿ ಎಂದು ಹಿಡಿಯುತ್ತೇನೆ. ಆ ಕರೆಂಟನ್ನು ಮಾರುವ ಬದಲು ನೀರು ಕಾಯಿಸಲು ಬಳಸಿದರೆ ದಿನಕ್ಕೆ 14 ರೂಪಾಯಿ ಆದಾಯ ಬಿಟ್ಟಂತೆ. ಅದೇ ನೀರನ್ನು ಗ್ಯಾಸಿನಲ್ಲಿ ಕಾಯಿಸಿದರೆ? ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಇರುತ್ತದೆ. ಗೀಸರ್ ಅದರಲ್ಲಿ ಶೇ 80ರಿಂದ 85ರಷ್ಟನ್ನು ನೀರಿಗೆ ದಾಟಿಸುತ್ತದೆ, ಉಳಿದದ್ದು ಬಿಸಿ ಹೊಗೆಯಾಗಿ ಹೋಗುತ್ತದೆ. ಹಾಗಾಗಿ ದಿನಕ್ಕೆ 400 ಗ್ರಾಂ ಗ್ಯಾಸ್ ಬೇಕು, 14.2 ಕಿಲೋ ಸಿಲಿಂಡರು ಸ್ನಾನಕ್ಕೊಂದಕ್ಕೇ 35 ದಿನ ಬರುತ್ತದೆ. ಸಿಲಿಂಡರಿಗೆ 900 ರೂಪಾಯಿ ಎಂದರೆ ದಿನಕ್ಕೆ 26 ರೂಪಾಯಿ ಬಿತ್ತು. ಫೆಬ್ರವರಿಯಲ್ಲಿ ಗ್ಯಾಸಿಗೆ ಕರೆಂಟಿನ ಹೆಚ್ಚುಕಡಿಮೆ ಇಮ್ಮಡಿ ಖರ್ಚು.

ಜುಲೈ ಬಿಲ್ಲು ಬೇರೆಯದೇ ಕಥೆ ಹೇಳುತ್ತದೆ. ಬಿಸಿಲಿರುವ ದಿನ 12 ಯೂನಿಟ್ ಕೊಡುವ ಫಲಕಗಳು ಜಡಿಮಳೆಯ ತಿಂಗಳಲ್ಲಿ ಸರಾಸರಿ 5ಕ್ಕೆ ಇಳಿದಿವೆ. ಮಾರುವ ಮಾತು ಹಾಗಿರಲಿ, ಮನೆ ಬಳಕೆಗೇ 35 ಯೂನಿಟ್ ಕೊಂಡಿದ್ದೀರಿ. ಆ ತಿಂಗಳು ಗೀಸರ್ ಹಾಕಿದರೆ ಅದರ ಪ್ರತಿ ಯೂನಿಟ್ಟನ್ನೂ ಕೊಳ್ಳಬೇಕು. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೂ ದಿನಕ್ಕೆ 33 ರೂಪಾಯಿ. ಇಲ್ಲಿ ಗ್ಯಾಸಿನ 26 ರೂಪಾಯಿಯೇ ಅಗ್ಗ. ಫೆಬ್ರವರಿಯಲ್ಲಿ ಮಾರಿದ ಯೂನಿಟ್ಟಿನ ಹಣ ಆಗಲೇ ಬಂದಿರುವುದರಿಂದ ಅದನ್ನು ಜುಲೈಗೆ ಎತ್ತಿಟ್ಟುಕೊಳ್ಳಲು ಬರುವುದಿಲ್ಲ. ಎಂಟು ತಿಂಗಳು ಕರೆಂಟು, ನಾಲ್ಕು ತಿಂಗಳು ಗ್ಯಾಸು ಎಂದು ನಾನು ಹೇಳಿದ್ದು ಈ ಎರಡು ಬಿಲ್ಲುಗಳ ಆಧಾರದ ಮೇಲೆ. ಬಳ್ಳಾರಿ, ರಾಯಚೂರಿನಂಥ ಬಿಸಿಲುಸೀಮೆಯಿಂದ ಇದೇ ಪ್ರಶ್ನೆ ಬಂದಿದ್ದರೆ, ಕರೆಂಟು ಹೋಗುವ ಕಾಟ ಹೆಚ್ಚಿಲ್ಲದಿದ್ದಲ್ಲಿ, ಗ್ಯಾಸ್ ಗೀಸರೇ ಬೇಡ ಎನ್ನುತ್ತಿದ್ದೆ.

ಸೋಲಾರ್ ಇರುವವರು ಗೀಸರನ್ನು ಮಧ್ಯಾಹ್ನ ಬಿಸಿಲಿನಲ್ಲೇ ಹಾಕಬೇಕು, ಬೆಳಗ್ಗೆ ಆರಕ್ಕೆ ಹಾಕಿದರೆ ನಷ್ಟ ಎಂದು ಬಹಳ ಜನ ನಂಬಿದ್ದಾರೆ. ನೆಟ್ ಮೀಟರ್ ಇರುವ ನಿಮಗೆ ಆ ಚಿಂತೆ ಬೇಡ. ಹಗಲು ಹೊರಗೆ ಹೋದ ಯೂನಿಟ್ ಮತ್ತು ಬೆಳಗ್ಗೆ ಒಳಗೆ ಬಂದ ಯೂನಿಟ್ ಆ ತಿಂಗಳ ಲೆಕ್ಕದಲ್ಲಿ ಒಂದಕ್ಕೊಂದು ವಜಾ ಆಗುತ್ತವೆ. ಮಧ್ಯಾಹ್ನವೇ ಕಾಯಿಸಿಟ್ಟು ಮರುದಿನದವರೆಗೆ ಆರಲು ಬಿಡುವುದೇ ನಿಜವಾದ ನಷ್ಟ. ಉತ್ಪಾದನೆಯನ್ನೆಲ್ಲ ನೇರ ಮಾರುವ ಗ್ರಾಸ್ ಮೀಟರ್‌ನವರಿಗೆ ಮತ್ತು ಬ್ಯಾಟರಿಯ ಮೇಲೆಯೇ ನಡೆಯುವ ಮನೆಗಳಿಗೆ ಲೆಕ್ಕ ಬೇರೆ.

ಎಲೆಕ್ಟ್ರಿಕ್ ಗೀಸರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 25 ಲೀಟರಿನ, 2 ಕಿಲೋವ್ಯಾಟಿನ, ಐದು ಸ್ಟಾರ್ ಇರುವ ಸ್ಟೋರೇಜ್ ಗೀಸರ್ ತೆಗೆದುಕೊಳ್ಳಿ. 60 ಡಿಗ್ರಿಗೆ ಕಾದ 25 ಲೀಟರಿಗೆ ತಣ್ಣೀರು ಬೆರೆಸಿದರೆ ಎರಡೂವರೆ ಬಕೆಟ್ ಹದವಾದ ನೀರು ಸಿಗುತ್ತದೆ. ಮತ್ತೆ ಕಾಯಲು ಅರ್ಧ ಗಂಟೆ. ಐವರೂ ಒಂದೇ ಗಂಟೆಯೊಳಗೆ ಸ್ನಾನ ಮುಗಿಸಿ ಹೊರಡುವ ಮನೆಯಾದರೆ 50 ಲೀಟರಿನದು ಬೇಕಾದೀತು. ನಿಮ್ಮ ಕಡೆಯ ಲೋ ವೋಲ್ಟೇಜ್ ನೆನಪಿಡಿ: 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ 2 ಕಿಲೋವ್ಯಾಟ್ ಗೀಸರಿನ ಬಲ 1.2ಕ್ಕೆ ಇಳಿಯುತ್ತದೆ. ಯೂನಿಟ್ ಹೆಚ್ಚು ಸುಡುವುದಿಲ್ಲ, ನೀರು ನಿಧಾನವಾಗಿ ಕಾಯುತ್ತದೆ ಅಷ್ಟೆ. ಆದರೆ 3 ಲೀಟರಿನ ಇನ್‌ಸ್ಟಂಟ್ ಎಲೆಕ್ಟ್ರಿಕ್ ಗೀಸರ್ ಆ ವೋಲ್ಟೇಜಿನಲ್ಲಿ ಉಗುರುಬೆಚ್ಚಗಿನ ನೀರನ್ನಷ್ಟೇ ಕೊಡುತ್ತದೆ, ಅದು ಬೇಡ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದ ಕೂಡಲೇ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಈ ಮೂರೂ ಇರಲೇಬೇಕು. ಮಳೆಗಾಲದಲ್ಲಿ ಗೋಡೆಯೇ ಒದ್ದೆಯಾಗುವ ಮನೆಗಳಲ್ಲಿ ಆರ್‌ಸಿಸಿಬಿ ಜೀವ ಉಳಿಸುವ ಸಾಧನ.

ಹಾಗಾದರೆ ಮಳೆಗಾಲದಲ್ಲಿ ಸ್ವಲ್ಪ ಹೆಚ್ಚು ಹಣ ಕೊಟ್ಟು ಎಲೆಕ್ಟ್ರಿಕ್ ಗೀಸರಿನಲ್ಲೇ ಕಾಲ ಹಾಕಬಾರದೇ ಎಂದರೆ, ಅದಕ್ಕೆ ಅಡ್ಡ ಬರುವುದು ಕರೆಂಟು ಕಡಿತ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟು ಹೊಡೆಯಬಾರದೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ನಡುಮಧ್ಯಾಹ್ನ ಸುಡುಬಿಸಿಲಿದ್ದರೂ ಆಗ ಚಾವಣಿಯಿಂದ ಒಂದು ಬಲ್ಬೂ ಉರಿಯುವುದಿಲ್ಲ. ಫಲಕ ಹಾಕುವ ಮೊದಲು ಇದನ್ನು ಗ್ರಾಹಕರಿಗೆ ತಿಳಿಸಿ ಹೇಳುವವರು ತೀರಾ ಕಡಿಮೆ, ಅದು ನನಗೆ ಬೇಸರದ ಸಂಗತಿ. ದೀಪ, ಫ್ಯಾನಿಗೆಂದು ಇಟ್ಟ ನಿಮ್ಮ ಯುಪಿಎಸ್ 2 ಕಿಲೋವ್ಯಾಟ್ ಗೀಸರನ್ನು ಎಳೆಯಲಾರದು, ಪ್ರಯತ್ನವನ್ನೂ ಮಾಡಬೇಡಿ. ಮರ ಬಿದ್ದು ತಂತಿ ತುಂಡಾಗಿ ಎರಡು ಮೂರು ದಿನ ಕರೆಂಟೇ ಬಾರದ ಊರಿನಲ್ಲಿ ಗ್ಯಾಸ್ ಗೀಸರ್ ನಿಜವಾಗಿ ಕೈಹಿಡಿಯುವುದು ಆಗಲೇ.

ಇನ್ನು ಗ್ಯಾಸ್ ಗೀಸರಿನ ಗಾತ್ರ. ಪೆಟ್ಟಿಗೆಯ ಮೇಲೆ ಬರೆದ 6 ಲೀಟರ್ ಎಂದರೆ ಅದರಲ್ಲಿ 6 ಲೀಟರ್ ನೀರು ತುಂಬಿರುತ್ತದೆ ಎಂದಲ್ಲ. ನೀರನ್ನು 25 ಡಿಗ್ರಿ ಹೆಚ್ಚು ಬಿಸಿ ಮಾಡಿ ನಿಮಿಷಕ್ಕೆ ಅಷ್ಟು ಲೀಟರ್ ಕೊಡಬಲ್ಲದು ಎಂದು ಅರ್ಥ. ನಿಮಗೆ ಬೇಕಾದದ್ದು 18 ಡಿಗ್ರಿಯ ಏರಿಕೆ ಮಾತ್ರ. ಹಾಗಾಗಿ 6 ಲೀಟರಿನ ಗೀಸರ್ ಮೂರು ನಿಮಿಷದ ಆಸುಪಾಸಿನಲ್ಲಿ ಒಂದು ಬಕೆಟ್ ತುಂಬಿಸುತ್ತದೆ. ಬಕೆಟ್ ಸ್ನಾನ ಮಾಡುವ ಮನೆಗೆ ಇದು ಧಾರಾಳ. 10 ಲೀಟರಿನದು ಎರಡು ಬಚ್ಚಲುಗಳಿಗೆ ಏಕಕಾಲಕ್ಕೆ ನೀರು ಕೊಡುತ್ತದೆಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ 6 ಲೀಟರಿನದು ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 1 ಕಿಲೋ ಗ್ಯಾಸ್ ಎಳೆದರೆ, 10 ಲೀಟರಿನದು ಒಂದೂವರೆ ಕಿಲೋ ದಾಟುತ್ತದೆ. ಗ್ಯಾಸನ್ನು ಅಷ್ಟು ಬಿರುಸಾಗಿ ಎಳೆದಾಗ ಸಿಲಿಂಡರ್ ತಣ್ಣಗಾಗುತ್ತದೆ, ಮೈಮೇಲೆ ನೀರಹನಿ ಕೂರುತ್ತದೆ, ಒತ್ತಡ ಕುಸಿಯುತ್ತದೆ. ಮನೆಬಳಕೆಯ ಒಂದೇ ಸಿಲಿಂಡರಿಗೆ, ಅದೂ ಅರ್ಧಕ್ಕಿಂತ ಖಾಲಿಯಾಗಿರುವಾಗ, ಮಲೆನಾಡಿನ ಚಳಿಯಲ್ಲಿ, ಅದು ಹೊರಲಾಗದ ಹೊರೆ. 6 ಅಥವಾ 7 ಲೀಟರಿನದೇ ಸಾಕು. ಆ ಎರಡರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಅದನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ. ಚಳಿಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಸತ್ತ ಸುದ್ದಿ ಬರುತ್ತದೆ. ಹೊಸದಾಗಿ ಮದುವೆಯಾದವರು, ಕಾಲೇಜಿಗೆ ಹೋಗುವ ಮಕ್ಕಳು, ತಾಯಿ ಮತ್ತು ಮಗು. ಹೆಚ್ಚಿನ ಸುದ್ದಿಗಳಲ್ಲಿ ‘ಗ್ಯಾಸ್ ಸೋರಿಕೆಯಿಂದ ಸಾವು’ ಎಂದಿರುತ್ತದೆ. ಆದರೆ ಸಾಮಾನ್ಯವಾಗಿ ಗ್ಯಾಸ್ ಸೋರಿಯೇ ಇರುವುದಿಲ್ಲ. ಸೋರಿದ್ದರೆ ವಾಸನೆ ಬರುತ್ತಿತ್ತು, ಎಚ್ಚರವಾಗುತ್ತಿತ್ತು; ಎಲ್‌ಪಿಜಿಗೆ ಆ ಘಾಟು ಬೆರೆಸಿರುವುದೇ ಅದಕ್ಕೆ. ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಸಾಕಷ್ಟು ಗಾಳಿ ಸಿಗದೆ ಗ್ಯಾಸ್ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಎಂಬುದನ್ನು ನಿಮ್ಮ ಬಚ್ಚಲಿಗೇ ಅನ್ವಯಿಸಿ ನೋಡೋಣ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ ಎಂದರೆ ಒಳಗಿರುವ ಗಾಳಿ 8 ಘನ ಮೀಟರ್. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 6 ಲೀಟರಿನ ಗೀಸರ್ ಬರೀ ಐದು ನಿಮಿಷ ಪೂರ್ತಿ ಉರಿಯಲ್ಲಿ ಉರಿದರೆ 1 ಘನ ಮೀಟರ್ ಗಾಳಿಯ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಶೇ 21 ಇದ್ದ ಆಮ್ಲಜನಕ ಐದೇ ನಿಮಿಷದಲ್ಲಿ ಶೇ 18ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ, ವಿಷಾನಿಲ ಏರತೊಡಗುತ್ತದೆ. ತಲೆಸ್ನಾನ ಮಾಡುವವರು ಹದಿನೈದು ನಿಮಿಷ ನೀರು ಬಿಟ್ಟುಕೊಂಡರೆ, ಅಥವಾ ಒಬ್ಬರು ಬಂದ ಬೆನ್ನಿಗೇ ಇನ್ನೊಬ್ಬರು ಹೋಗಿ ಚಿಲಕ ಹಾಕಿಕೊಂಡರೆ ಏನಾಗುತ್ತದೆಂದು ನೀವೇ ಊಹಿಸಿ. ಮೊದಲು ಸಣ್ಣ ತಲೆನೋವು, ತಲೆಸುತ್ತು. ಆಮೇಲೆ ಕಾಲಲ್ಲಿ ಬಲವೇ ಇರುವುದಿಲ್ಲ. ಏನೋ ಸರಿಯಿಲ್ಲವೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಎದ್ದು ಚಿಲಕ ತೆಗೆಯುವ ಶಕ್ತಿ ಉಡುಗಿರುತ್ತದೆ.

‘ವೆಂಟಿಲೇಟರ್ ಇದೆಯಲ್ಲ’ ಎಂದು ಅಂಗಡಿಯವರು ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಆ ವೆಂಟಿಲೇಟರ್ ಹೇಗಿರುತ್ತದೆಂದು ನಿಮಗೆ ಗೊತ್ತು. ಎರಚಲು ಹೊಡೆಯುತ್ತದೆಂದು ಗಾಜಿನ ಪಟ್ಟಿಗಳನ್ನು ಮುಚ್ಚಿ, ಸಂದಿಗೆ ಹಳೆಯ ಗೊಬ್ಬರದ ಚೀಲ ತುರುಕಿರುತ್ತಾರೆ. ಗೀಸರ್ ಹೆಚ್ಚು ಉರಿಯುವುದೂ, ಕಿಟಕಿ ಹೆಚ್ಚು ಮುಚ್ಚಿರುವುದೂ ಒಂದೇ ಕಾಲದಲ್ಲಿ. ನೆನಪಿಟ್ಟುಕೊಂಡು ತೆರೆಯುತ್ತೇವೆ ಎಂಬುದನ್ನು ನಂಬಿ ಒಂದು ಮನೆಯ ಐದು ಜೀವಗಳನ್ನು ಬಿಡಲಾಗದು. ಎಗ್ಸಾಸ್ಟ್ ಫ್ಯಾನ್ ಕೂಡ ಪರಿಹಾರವಲ್ಲ; ಒಳಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ, ಕರೆಂಟು ಹೋದರೆ ಅದೂ ನಿಲ್ಲುತ್ತದೆ.

ಆದ್ದರಿಂದ ಗೀಸರ್ ಬಚ್ಚಲಿನ ಹೊರಗೋಡೆಯ ಮೇಲೆ ಇರಲಿ. ಬಿಸಿನೀರಿನ ಪೈಪು ಮಾತ್ರ ಗೋಡೆ ತೂರಿ ಒಳಗೆ ಬರಲಿ. ಹಿಂದಿನ ಜಗಲಿ, ಮೇಲೆ ಸಜ್ಜೆಯಿರುವ ಗೋಡೆ, ಎರಡು ಕಡೆ ತೆರೆದ ಕೊಟ್ಟಿಗೆಯ ಪಡಸಾಲೆ, ಯಾವುದಾದರೂ ಆದೀತು; ಮಳೆ ನೇರ ಬೀಳಬಾರದು, ಬಿರುಗಾಳಿ ನೇರ ನುಗ್ಗಿ ಜ್ವಾಲೆ ಆರಿಸಬಾರದು, ಹೊಗೆ ಹೊರಡುವ ಬಾಯಿಯ ಬಳಿ ಮಲಗುವ ಕೋಣೆಯ ಕಿಟಕಿ ಇರಬಾರದು. ಪೈಪು ಉದ್ದವಾದರೆ ಬಿಸಿನೀರು ಬರಲು ತಡವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಒಂದು ಮೀಟರಿಗೆ ನಿಲ್ಲುವ ನೀರು ಸುಮಾರು 130 ಮಿಲಿಲೀಟರ್. 5 ಮೀಟರ್ ಪೈಪಾದರೂ ಒಂದು ಚೊಂಬಿನಷ್ಟು ತಣ್ಣೀರು ಮೊದಲು ಬರುತ್ತದೆ, ಅಷ್ಟೆ.

ಗೀಸರ್ ಹೊರಗಿದ್ದರೂ ಕೊಳ್ಳುವಾಗ ಕೆಲವನ್ನು ನೋಡಿ. ಐಎಸ್ 15558 ಸಂಖ್ಯೆಯೊಂದಿಗೆ ಐಎಸ್‌ಐ ಮುದ್ರೆ ಇರಬೇಕು. ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುವ, ಆಮ್ಲಜನಕ ಕಡಿಮೆಯಾದರೆ ಆರುವ, ನೀರು ಅತಿಯಾಗಿ ಕಾದರೆ ಆರುವ, ಸುಮಾರು ಇಪ್ಪತ್ತು ನಿಮಿಷ ಎಡೆಬಿಡದೆ ಉರಿದರೆ ತಾನೇ ನಿಲ್ಲುವ ವ್ಯವಸ್ಥೆಗಳಿವೆಯೇ ಎಂದು ಕೈಪಿಡಿ ತೆರೆಸಿ ಓದಿಸಿಕೊಳ್ಳಿ. ಇವೆಲ್ಲ ಇರುವುದರಿಂದ ಒಳಗೆ ಕೂರಿಸಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಗೆಯನ್ನು ಫ್ಯಾನಿನಿಂದ ಕೊಳವೆಯ ಮೂಲಕ ಹೊರಗೆ ತಳ್ಳುವ ಮಾದರಿಗಳೂ ಇವೆ. ಜಗಲಿ ಮೂರು ಕಡೆ ಮುಚ್ಚಿದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟು ಅದನ್ನೇ ಆರಿಸಿ. ಅದರ ಫ್ಯಾನಿಗೆ ಬೇಕಾದ ಕರೆಂಟು ಬಹಳ ಕಡಿಮೆ, ನಿಮ್ಮ ಯುಪಿಎಸ್ ಲೈನಿಗೆ ಕೊಡಬಹುದು. ತೆರೆದ ಜಗಲಿಗಾದರೆ ಎರಡು ಟಾರ್ಚ್ ಸೆಲ್ಲುಗಳ ಮೇಲೆ ಕಿಡಿ ಹಚ್ಚುವ ಸಾದಾ ಮಾದರಿ ಸಾಕು. ಮಳೆಗಾಲ ಮುಗಿದು ಅದನ್ನು ಬಳಸದಿರುವಾಗ ಸೆಲ್ಲು ತೆಗೆದಿಡಿ. ಸೋರಿ, ತಾವು ಕೂರುವ ಜಾಗವನ್ನೇ ತಿಂದುಹಾಕುತ್ತವೆ.

ತಾಯಿಯವರು ಸ್ನಾನಕ್ಕೆ ಹೋಗುವ ಮೊದಲು ಬಕೆಟ್ಟುಗಳನ್ನು ತುಂಬಿಸಿ, ಬಿಸಿ ಕೈಯಿಂದ ನೋಡಿ, ಗೀಸರಿನ ನಲ್ಲಿ ಮುಚ್ಚಿಯೇ ಅವರನ್ನು ಕಳಿಸಿ. ಗ್ಯಾಸ್ ಗೀಸರಿನ ನೀರು ನಲ್ಲಿ ಸಣ್ಣ ಮಾಡಿದಷ್ಟೂ ಹೆಚ್ಚು ಬಿಸಿಯಾಗುತ್ತದೆ. ವಯಸ್ಸಾದವರು ನೀರು ಸುಡುತ್ತದೆಂದು ನಲ್ಲಿ ಕಡಿಮೆ ಮಾಡಲು ಹೋಗಿ ಇನ್ನೂ ಸುಟ್ಟುಕೊಳ್ಳುತ್ತಾರೆ. ಒಂದು ವೇಳೆ ನಿಮ್ಮ ಮನೆಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಯಾರಾದರೂ ಇಂಥ ಬಚ್ಚಲಿನಲ್ಲಿ ಕುಸಿದರೆ, ಮೊದಲು ಬಾಗಿಲು ತೆರೆದು ಅವರನ್ನು ಬಯಲ ಗಾಳಿಗೆ ತನ್ನಿ, ಗ್ಯಾಸ್ ಮುಚ್ಚಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಬಿದ್ದಿದ್ದರು’ ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. 98 ಎಂದು ತೋರಿಸಿದರೂ ನೆಮ್ಮದಿಯಿಂದ ಕೂರುವಂತಿಲ್ಲ. ಅವರಿಗೆ ಕೂಡಲೇ ಆಮ್ಲಜನಕ ಬೇಕು.

ನೀರಿನ ಒತ್ತಡದ ವಿಷಯದಲ್ಲಿ ಹಳ್ಳಿಮನೆಗಳಲ್ಲಿ ಬಹಳ ಜನ ಎಡವುತ್ತಾರೆ. ಗೀಸರಿನ ಒಳಗೆ ಒಂದು ರಬ್ಬರಿನ ಪರದೆ ಇರುತ್ತದೆ. ನೀರು ಹರಿದಾಗ ಅದು ಉಬ್ಬಿ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಗ ಟಿಕ್ ಟಿಕ್ ಎಂದು ಕಿಡಿ ಹಾರಿ, ಗ್ಯಾಸ್ ತೆರೆದು, ಬುಸ್ ಎಂದು ಹೊತ್ತಿಕೊಳ್ಳುತ್ತದೆ. ಪರದೆ ಉಬ್ಬಲು ಟ್ಯಾಂಕಿನ ತಳ ಗೀಸರಿಗಿಂತ ಕನಿಷ್ಠ ಎರಡೂವರೆ ಮೀಟರ್ ಮೇಲಿರಬೇಕು. ಬಚ್ಚಲಿನ ಚಾವಣಿಯ ಮೇಲೆಯೇ ಟ್ಯಾಂಕ್ ಕೂತಿದ್ದು, ಅದರಲ್ಲಿ ನೀರು ಕಾಲುಭಾಗ ಇರುವಾಗ ಗೀಸರ್ ಹತ್ತುವುದೇ ಇಲ್ಲ. ಕಂಪನಿಯವರನ್ನು ಕರೆಸಿ ಜಗಳವಾಡುವ ಮೊದಲು ಇದನ್ನು ಅಳೆದು ನೋಡಿ. ಕಡಿಮೆಯಿದ್ದರೆ ಟ್ಯಾಂಕಿಗೆ ಒಂದು ಕಟ್ಟೆ ಕಟ್ಟಿಸಿ ಎತ್ತರಿಸಿ. ನಿಮ್ಮ ಕಡೆಯ ಬಾವಿನೀರು ಸಾಮಾನ್ಯವಾಗಿ ಮೆದು, ಗಸಿ ಕಟ್ಟುವ ಭಯವಿಲ್ಲ. ಒಳಬರುವ ಬಾಯಿಯ ಜಾಲರಿಯಲ್ಲಿ ಕಸ ಕಟ್ಟದಂತೆ ನೋಡಿಕೊಂಡರೆ ಆಯಿತು. ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ತಾಮ್ರದ ಸುರುಳಿಯೊಳಗೆ ಬಿಳಿ ಗಸಿ ಕಟ್ಟಿ ಹರಿವೇ ನಿಂತುಹೋಗುವುದುಂಟು.

ಸಿಲಿಂಡರಿನ ಬಗ್ಗೆ: ಅಡುಗೆ ಒಲೆಯ ಟ್ಯೂಬಿಗೆ ಕವಲು ಹಾಕಿ ಗೀಸರಿಗೆ ಎಳೆಯಬೇಡಿ. ಗೀಸರಿಗೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇರಲಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಮೈಮೇಲೆ ಇಸವಿ ಮುದ್ರಿಸಿರುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲು ಎರಡು ಮೆಟ್ಟಿಲು ಕೆಳಗಿದ್ದು ಪಕ್ಕದಲ್ಲೇ ಗುಂಡಿಯೂ ಇರುತ್ತದೆ. ಅಂಥ ತಗ್ಗಿನಲ್ಲಿ ಸಿಲಿಂಡರ್ ಇಡಬಾರದು, ಉರಿಯುವ ಹಂಡೆ ಒಲೆಯ ಹತ್ತಿರವಂತೂ ಸಲ್ಲದು. ಸೋರಿಕೆಯ ವಾಸನೆ ಬಂದರೆ 1906ಕ್ಕೆ ಕರೆ ಮಾಡಿ.

ಹಂಡೆಯ ವಿಷಯ ಬಂದದ್ದರಿಂದ ಹೇಳುತ್ತೇನೆ, ಅದನ್ನು ಕಿತ್ತು ಹಾಕಬೇಡಿ. ದಿನವೂ ಉರಿ ಹಾಕುವವರಿಲ್ಲದಿರಬಹುದು, ಆದರೆ ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಮೂವತ್ತು ಬಕೆಟ್ ಬಿಸಿನೀರನ್ನು ಒಂದು 25 ಲೀಟರಿನ ಗೀಸರ್ ಕೊಡಲಾರದು. ಅಡಿಕೆ ಸಿಪ್ಪೆ ಹೇಗೂ ತೋಟದಲ್ಲೇ ಬಿದ್ದಿರುತ್ತದೆ. ಹೊಗೆಗೂಡು ಚೊಕ್ಕಟವಾಗಿದ್ದರೆ ಆಯಿತು.

ವರ್ಷಕ್ಕೆ ಎಂಟು ತಿಂಗಳು ಸುಮ್ಮನೆ ನೇತಾಡುವ ಗ್ಯಾಸ್ ಗೀಸರಿಗೆ ಇನ್ನೊಂದು ಕಾಟವಿದೆ. ಜೇಡ ಬಲೆ ಕಟ್ಟುತ್ತದೆ, ಕುಂಬಾರ ಹುಳು ಬರ್ನರಿನ ಸಣ್ಣ ತೂತುಗಳಲ್ಲಿ ಮಣ್ಣಿನ ಗೂಡು ಮಾಡುತ್ತದೆ. ಗಾಳಿಯ ದಾರಿ ಮುಚ್ಚಿ ಜ್ವಾಲೆ ಹಳದಿಯಾಗುತ್ತದೆ, ಮೇಲಿನ ತಾಮ್ರದ ರೆಕ್ಕೆಗಳಿಗೆ ಮಸಿ ಹಿಡಿಯುತ್ತದೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮೆಕ್ಯಾನಿಕ್ ಕರೆಸಿ ಮುಚ್ಚಳ ಬಿಚ್ಚಿಸಿ ಶುಚಿ ಮಾಡಿಸಿ. ನೀವು ಪಕ್ಕದಲ್ಲೇ ನಿಂತು ಜ್ವಾಲೆ ನೀಲಿಯಾಗಿದೆಯೇ ನೋಡಿ. ಹಳದಿ ನಾಲಿಗೆ ಕಂಡರೆ ಆ ದಿನ ಬಳಸಬೇಡಿ.

ಕೊನೆಯ ಪ್ರಶ್ನೆ, ಸೋಲಾರ್ ವಾಟರ್ ಹೀಟರಿನದು. ನಿಮ್ಮ ಚಾವಣಿಯಲ್ಲಿ ಈಗಾಗಲೇ ಮಿಕ್ಕುವ ಕರೆಂಟು ಇರುವುದರಿಂದ ಅದಕ್ಕೆ ಮತ್ತೆ ಹಣ ಹಾಕುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ನಿಮಗೆ ಬಿಸಿನೀರಿನ ಕೊರತೆ ಇರುವುದು ಮಳೆಗಾಲದಲ್ಲಿ. ಅದೂ ಕೈಕೊಡುವುದು ಮಳೆಗಾಲದಲ್ಲೇ. ಆದರೂ ಹಾಕಿಸುವಿರಾದರೆ ಅದರ ನೀರನ್ನು ಸಾದಾ ಗ್ಯಾಸ್ ಗೀಸರಿನ ಒಳಬಾಯಿಗೆ ನೇರ ಕೊಡಬೇಡಿ. ಸಾದಾ ಗೀಸರಿಗೆ ಒಳಬರುವ ನೀರು ಎಷ್ಟು ಬಿಸಿಯಿದೆಯೆಂದು ತಿಳಿಯುವುದಿಲ್ಲ. ಅದು ತನ್ನ ಪಾಲಿನ ಶಾಖವನ್ನು ಸೇರಿಸಿಬಿಡುತ್ತದೆ. 45 ಡಿಗ್ರಿಯ ನೀರು ನಿಮಿಷಕ್ಕೆ 4 ಲೀಟರಿನಂತೆ ಹರಿದರೆ ಇನ್ನೂ 37 ಡಿಗ್ರಿ ಸೇರಿ 82 ಡಿಗ್ರಿಯಾಗಿ ಹೊರಬರುತ್ತದೆ. ಸುರಕ್ಷತಾ ಸ್ವಿಚ್ಚು ಗೀಸರನ್ನು ಆರಿಸಿದರೆ ಪುಣ್ಯ, ಇಲ್ಲವಾದರೆ ಚರ್ಮ ಸುಲಿಯುತ್ತದೆ. ಒಳನೀರಿನ ಬಿಸಿ ಅಳೆದು ಉರಿಯನ್ನು ತಾನೇ ಹೊಂದಿಸಿಕೊಳ್ಳುವ ದುಬಾರಿ ಮಾದರಿಗಳಿಗೆ ಮಾತ್ರ ಹಾಗೆ ಜೋಡಿಸಬಹುದು, ಅದೂ ಕೈಪಿಡಿಯಲ್ಲಿ ಅನುಮತಿ ಬರೆದಿದ್ದರೆ. ಸಾದಾ ಗೀಸರ್ ಇದ್ದವರು ಎರಡಕ್ಕೂ ಬೇರೆ ಬೇರೆ ಪೈಪು ತಂದು, ಬಚ್ಚಲಿನ ಹೊರಗೆ ಒಂದು ಮೂರು ದಾರಿಯ ವಾಲ್ವ್ ಹಾಕಿಸಿಕೊಳ್ಳಿ. ಬಿಸಿಲಿದ್ದ ದಿನ ಅದನ್ನು ಸೋಲಾರ್ ಕಡೆಗೆ, ಇಲ್ಲದ ದಿನ ಗ್ಯಾಸ್ ಕಡೆಗೆ ತಿರುಗಿಸಿದರಾಯಿತು. ವಾಲ್ವಿನ ಮೇಲೆ ಯಾವ ಕಡೆ ಯಾವುದೆಂದು ಬಣ್ಣದಲ್ಲಿ ಬರೆಸಿ, ತಾಯಿಯವರಿಗೂ ಓದಲು ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.